ಮೂರೇ ಬೆರಳಿನ ಚರ್ಮರೋಗ: ಕಾರ್ಪಲ್ ಟನಲ್ ಸಿಂಡ್ರೋಮಿನ ಒಂದು ಪ್ರಕರಣ ಅಧ್ಯಯನ

(ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಕೈಯ ಮೀಡಿಯನ್ ನರ ಒತ್ತಿಕೊಳ್ಳುವುದೇ ಕಾರ್ಪಲ್ ಟನಲ್ ಸಿಂಡ್ರೋಮ್. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನೂ ಪರೀಕ್ಷೆಯ ಅಂಕಿಗಳನ್ನೂ ಒಂದೆಡೆ ಸೇರಿಸಿ, ಕಲಿಕೆಗೆಂದು ಕಟ್ಟಿದ ಪ್ರಕರಣವಿದು. ಯಾರೊಬ್ಬರ ದಾಖಲೆಯೂ ಅಲ್ಲ.)

ದೂರು

54 ವರ್ಷದ ಮಹಿಳೆ. ಕಸುಬು ಹೊಲಿಗೆ, ರೂಢಿ ಬಲಗೈ. ತೋರಿಸಲು ಬಂದದ್ದು ಚರ್ಮರೋಗ ವಿಭಾಗಕ್ಕೆ. ಬಲಗೈ ತೋರುಬೆರಳ ತುದಿಯಲ್ಲಿ ನಾಲ್ಕು ತಿಂಗಳಾದರೂ ಮಾಯದ ಹುಣ್ಣು, ಅದರ ಮೇಲೆ ಕಪ್ಪು ಹಕ್ಕಳೆ. ನಡುಬೆರಳ ತುದಿಯಲ್ಲಿ ಒಡೆದು ಒಣಗಿದ ಗುಳ್ಳೆಯ ಗುರುತು. ಹೆಬ್ಬೆರಳ ಚರ್ಮ ಒರಟಾಗಿ ಸೀಳುಬಿಟ್ಟಿತ್ತು. ಮೊದಲು ಶಿಲೀಂಧ್ರದ ಸೋಂಕೆಂದು ಆರು ವಾರ ಒಂದು ಮುಲಾಮು ಹಚ್ಚಿದ್ದಾಗಿತ್ತು, ಆಮೇಲೆ ಎಕ್ಸಿಮಾ ಎಂದು ಸ್ಟೀರಾಯ್ಡ್ ಮುಲಾಮು. ಎರಡರಿಂದಲೂ ಗುಣ ಕಾಣಲಿಲ್ಲ. ಸ್ಟೀರಾಯ್ಡ್ ಹಚ್ಚಿದ ಮೇಲೆ ಚರ್ಮ ತೆಳುವಾಗಿ ಹುಣ್ಣು ಇನ್ನಷ್ಟು ಅಗಲವಾಯಿತು.

ಕೈ ಜೋಮು ಹಿಡಿಯುವ ಸಂಗತಿಯನ್ನು ಅವರು ತಾವಾಗಿ ಹೇಳಲಿಲ್ಲ, ಚರ್ಮದ ಡಾಕ್ಟರಿಗೆ ಅದನ್ನೇಕೆ ಹೇಳುವುದು ಎಂದುಕೊಂಡಿದ್ದರು. ಕೇಳಿದಾಗ ಒಂದೊಂದಾಗಿ ಹೊರಬಂತು. ಎರಡು ವರ್ಷದಿಂದ ನಡುರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತಿತ್ತು. "ಎದ್ದು ಕೂತು ಕೈ ಒದರಿದರೆ ಜೀವ ಬಂದಂಗಾಗ್ತಿತ್ತು" ಎಂದರು. ಈ ಒದರುವಿಕೆಯನ್ನು ಹಗುರವಾಗಿ ಕಾಣಬಾರದು. ಕಾರ್ಪಲ್ ಟನಲ್ ಸಿಂಡ್ರೋಮನ್ನು ಇಷ್ಟು ನೇರವಾಗಿ ಸೂಚಿಸುವ ಮಾತು ರೋಗಿಯ ಬಾಯಲ್ಲಿ ಬೇರೆ ಸಿಗುವುದು ಕಡಿಮೆ. ಒಂದು ವರ್ಷದಿಂದ ಸೂಜಿಗೆ ದಾರ ಪೋಣಿಸುವುದು, ಗುಂಡಿ ಹಾಕುವುದು ಕಷ್ಟವಾಗಿತ್ತು. ಹಿಡಿದ ಕತ್ತರಿ ಕೈಜಾರಿ ಬೀಳುತ್ತಿತ್ತು. ಕಳೆದ ಆರು ತಿಂಗಳಲ್ಲಿ ಮಾತ್ರ ರಾತ್ರಿಯ ನೋವು ತಗ್ಗಿದೆ, ಹಾಗಾಗಿ ಕೈ ಸುಧಾರಿಸುತ್ತಿದೆ ಎಂಬ ನಂಬಿಕೆ ಅವರದು.

ಆ ನಂಬಿಕೆ ತಲೆಕೆಳಗಾದದ್ದು. ನೋವು, ಜುಮುಜುಮು ಎನ್ನುವುದು ಒತ್ತಡಕ್ಕೆ ಸಿಕ್ಕಿಯೂ ಇನ್ನೂ ಬದುಕಿರುವ ನರದ ಕೂಗು. ನೋವು ಇಳಿಯುತ್ತ ಸ್ಪರ್ಶ ಮಂಕಾಗುತ್ತ ಬಂದರೆ ನರತಂತುಗಳು ಸಾಯುತ್ತಿವೆ ಎಂದೇ ಮೊದಲು ಶಂಕಿಸಬೇಕು.

ಹುಣ್ಣು ಹೇಗಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ತಗುಲಿದ್ದು ನೆನಪಿದೆಯೇ ಎಂದು ಕೇಳಿದಾಗ, ತಗುಲಿದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿಯಿತು ಎಂಬ ಉತ್ತರ ಬಂತು.

ಕೈಯಲ್ಲಿ ಕಂಡದ್ದು

ಎರಡೂ ಅಂಗೈಗಳನ್ನು ಬೆಳಕಿನಡಿ ಪಕ್ಕಪಕ್ಕದಲ್ಲಿ ಇರಿಸಿ ನೋಡಿದಾಗ ಚರ್ಮದ ಬದಲಾವಣೆಗೆ ಒಂದು ಗಡಿ ಇರುವುದು ಕಂಡಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಒಣಗಿ, ನುಣುಪಾಗಿ, ತುದಿಯ ತಿರುಳು ಕರಗಿ ಮೊನಚಾಗಿದ್ದವು. ತೋರುಬೆರಳ ಉಗುರಿನಲ್ಲಿ ಅಡ್ಡಗೆರೆಗಳಿದ್ದವು. ಉಂಗುರ ಬೆರಳಿನಲ್ಲಿ ನಡುಬೆರಳ ಕಡೆಯ ಅರ್ಧ ಒಣಗಿತ್ತು, ಕಿರುಬೆರಳ ಕಡೆಯ ಅರ್ಧ ಸಹಜವಾಗಿತ್ತು. ಕಿರುಬೆರಳಲ್ಲಿ ದೋಷವೇ ಇರಲಿಲ್ಲ.

ಅದೇ ಸೋಪು, ಅದೇ ನೀರು, ಅದೇ ಬಟ್ಟೆಯ ಬಣ್ಣ ಕಿರುಬೆರಳಿಗೂ ತಾಗುತ್ತದೆ. ಎಕ್ಸಿಮಾ, ಶಿಲೀಂಧ್ರ, ಥೈರಾಯ್ಡ್ ಕೊರತೆಯ ಒಣಚರ್ಮ, ಇವು ಯಾವುವೂ ಉಂಗುರ ಬೆರಳನ್ನು ಉದ್ದಕ್ಕೆ ಸೀಳಿ ಅರ್ಧ ಬಿಟ್ಟು ಅರ್ಧ ಹಿಡಿಯುವುದಿಲ್ಲ. ಹಾಗೆ ಹಿಡಿಯುವುದು ಮೀಡಿಯನ್ ನರದ ಹರವು.

ಬೆವರು ನಿಂತಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ನುಣುಪಾದ ಪ್ಲಾಸ್ಟಿಕ್ ಪೆನ್ನನ್ನು ಬೆರಳ ತಿರುಳಿನ ಮೇಲೆ ಅಡ್ಡಲಾಗಿಟ್ಟು ಹಗುರವಾಗಿ ಎಳೆದರೆ ಸಾಕು. ಬೆವರಿನ ತೇವ ಇರುವ ಚರ್ಮ ಪೆನ್ನನ್ನು ತಡೆಯುತ್ತದೆ, ತಿರುಳು ಅದರ ಹಿಂದೆ ತುಸು ಎಳೆದುಕೊಂಡು ಹೋಗುತ್ತದೆ. ಇವರ ಕಿರುಬೆರಳಲ್ಲಿ ಹಾಗಾಯಿತು. ತೋರುಬೆರಳ ಮೇಲೆ ಹುಣ್ಣಿಲ್ಲದ ಕಡೆ ಪೆನ್ನು ಗಾಜಿನ ಮೇಲಿನಂತೆ ಜಾರಿತು. ಇನ್ನೊಂದು ಪರೀಕ್ಷೆ ಸುಕ್ಕಿನದು: ಕೈಯನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ನಿಮಿಷ ಇಟ್ಟರೆ ಬೆರಳ ತುದಿ ಸುಕ್ಕುಗಟ್ಟಬೇಕು. ಸುಕ್ಕುಗಟ್ಟುವುದು ನೀರು ಕುಡಿದುಬ್ಬಿ ಅಲ್ಲ. ಬೆವರನ್ನೂ ರಕ್ತನಾಳಗಳನ್ನೂ ನೋಡಿಕೊಳ್ಳುವ ಸಿಂಪಥೆಟಿಕ್ ನರತಂತುಗಳು ಬೆರಳಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ. ಇದನ್ನು ಕೈಯ ನರದ ಪರೀಕ್ಷೆಯಾಗಿ 1973ರಲ್ಲಿ ಓರಿಯನ್ ಎಂಬವರು ಮುಂದಿಟ್ಟರು. ತೆರೆದ ಹುಣ್ಣಿದ್ದ ಕಾರಣ ಇವರಲ್ಲಿ ಮೊದಲ ಭೇಟಿಯಲ್ಲಿ ಇದನ್ನು ಮಾಡಲಿಲ್ಲ. ಹುಣ್ಣು ಒಣಗಿದ ಮೇಲೆ ಮಾಡಿದಾಗ ಕಿರುಬೆರಳು ಸುಕ್ಕಾಯಿತು, ಮೊದಲ ಮೂರು ಬೆರಳು ನುಣುಪಾಗಿಯೇ ಉಳಿದವು.

ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಗಳಿಂದ ಸ್ಪರ್ಶ ಅಳೆಯಲಾಯಿತು. ಸಂಖ್ಯೆ ಏರಿದಷ್ಟೂ ಎಳೆ ದಪ್ಪ; 2.83 ಸಂಖ್ಯೆಯ ಎಳೆ ತಿಳಿದರೆ ಸಹಜ. ಇವರ ತೋರುಬೆರಳಿಗೆ ತಿಳಿದದ್ದು 4.56, ಅಂದರೆ ಗಾಯದಿಂದ ಕಾಯುವ ಸ್ಪರ್ಶಜ್ಞಾನವೇ ಹೋಗಿತ್ತು. ಎರಡು ಮೊನೆಗಳನ್ನು ಬೇರೆಬೇರೆಯೆಂದು ಗುರುತಿಸುವ ಅಂತರ ಬೆರಳ ತುದಿಯಲ್ಲಿ 6 ಮಿ.ಮೀ. ಒಳಗಿರಬೇಕು, ಇವರಿಗೆ 12 ಮಿ.ಮೀ. ಬೇಕಾಯಿತು. ಹೆಬ್ಬೆರಳ ಬುಡದ ಉಬ್ಬು ತಗ್ಗಾಗಿತ್ತು. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ನೇರ ಮೇಲಕ್ಕೆತ್ತಿ ಎಂದಾಗ ಎತ್ತಿದರು, ಆದರೆ ಒಂದು ಬೆರಳಿನ ಒತ್ತಡಕ್ಕೇ ಅದು ಮಣಿಯಿತು.

ಮಣಿಕಟ್ಟನ್ನು 60 ಸೆಕೆಂಡು ಮಡಚಿ ಹಿಡಿಯುವ ಫೇಲನ್ ಪರೀಕ್ಷೆ ಬಲಗೈಯಲ್ಲಿ ಏನನ್ನೂ ತೋರಿಸಲಿಲ್ಲ. ನರದ ಮೇಲೆ ತಟ್ಟುವ ಟಿನೆಲ್ ಪರೀಕ್ಷೆಯೂ ಅಷ್ಟೇ. ಇಲ್ಲಿ ಎಡವುವವರು ಬಹಳ. ರೋಗ ಬಲಿತ ಕೈಯಲ್ಲಿ ಕೆರಳಲು ನರದಲ್ಲಿ ಕಸುವೇ ಉಳಿದಿರುವುದಿಲ್ಲ, ಆದ್ದರಿಂದ ಈ ಪರೀಕ್ಷೆಗಳು ಸುಮ್ಮನಿರಬಹುದು. ಎಡಗೈಯಲ್ಲಿ, ಅಂದರೆ ರೋಗ ಸೌಮ್ಯವಾಗಿದ್ದ ಕೈಯಲ್ಲಿ, ಫೇಲನ್ 25 ಸೆಕೆಂಡಿಗೇ ಜೋಮು ತರಿಸಿತು.

ಹೆಬ್ಬೆರಳ ಬುಡದ ಅಂಗೈ ಚರ್ಮ ಮಾತ್ರ ಮೃದುವಾಗಿತ್ತು, ಬೆವರುತ್ತಿತ್ತು, ಸ್ಪರ್ಶವೂ ಸರಿಯಿತ್ತು. ಆ ಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಸುಮಾರು 5 ಸೆಂ.ಮೀ. ಹಿಂದೆಯೇ ಮೀಡಿಯನ್ ನರದಿಂದ ಬೇರೆಯಾಗಿ ಸುರಂಗದ ಹೊರಗಿನಿಂದ ಹಾಯುತ್ತದೆ. ಅಲ್ಲಿಯೂ ಮರಗಟ್ಟಿದ್ದರೆ ಒತ್ತಡ ಮುಂಗೈಯಲ್ಲೋ ಕುತ್ತಿಗೆಯಲ್ಲೋ ಎಂದು ಹುಡುಕಬೇಕಾಗುತ್ತಿತ್ತು.

ಚರ್ಮ ಏಕೆ ಕೆಟ್ಟಿತು

ಮಣಿಕಟ್ಟಿನ ಸುರಂಗಕ್ಕೆ ತಳವೂ ಗೋಡೆಯೂ ಸಣ್ಣ ಮೂಳೆಗಳು, ಚಾವಣಿ ಒಂದು ದಪ್ಪ ಅಡ್ಡಪಟ್ಟಿ. ಒಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ. ಹಿಗ್ಗಲು ಜಾಗವಿಲ್ಲ. ಆರೋಗ್ಯವಂತರಲ್ಲಿ ಒಳಗಿನ ಒತ್ತಡ ಸುಮಾರು 2.5 ಮಿ.ಮೀ. ಪಾದರಸದಷ್ಟು, ಈ ರೋಗದಲ್ಲಿ 30ರ ಆಸುಪಾಸು, ಮಣಿಕಟ್ಟು ಪೂರ್ತಿ ಮಡಚಿದಾಗ ಅಥವಾ ಹಿಂದಕ್ಕೆ ಬಾಗಿಸಿದಾಗ 90ನ್ನೂ ದಾಟಬಹುದು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದಲೇ ರಾತ್ರಿಯ ಹಿಂಸೆ. ಕಿರುಬೆರಳ ಕಡೆಯ ಅಲ್ನಾರ್ ನರ ಈ ಸುರಂಗದೊಳಗೆ ಹೋಗುವುದಿಲ್ಲ, ಕಿರುಬೆರಳು ಬಚಾವಾದದ್ದು ಅದಕ್ಕೆ.

ಮೀಡಿಯನ್ ನರ ಸ್ಪರ್ಶವನ್ನು ಮಾತ್ರ ಒಯ್ಯುವುದಲ್ಲ. ಕೈಗೆ ಬರುವ ಸಿಂಪಥೆಟಿಕ್ ತಂತುಗಳಲ್ಲಿ ದೊಡ್ಡ ಪಾಲು ಇದರೊಳಗೇ ಇದೆ. ಬೆವರು ಹರಿಸುವುದೂ ರಕ್ತನಾಳಗಳ ಬಿಗಿ ಸಡಿಲ ನೋಡಿಕೊಳ್ಳುವುದೂ ಅವುಗಳ ಕೆಲಸ. ಅವು ಕೆರಳಿದ ಹಂತದಲ್ಲಿ ಬೆರಳು ಬಿಳಿಚುವುದು, ತಣ್ಣಗಾಗುವುದು, ಊದಿದಂತೆನಿಸುವುದು, ಕೆಲವೊಮ್ಮೆ ಅತಿಯಾಗಿ ಬೆವರುವುದು. ಸತ್ತ ಮೇಲೆ ಬೆವರು ನಿಂತು ಹೊರಪದರ ಒಣಗಿ ಸೀಳುತ್ತದೆ. ಆ ಸೀಳು ನೋಯುವುದಿಲ್ಲವಾದ್ದರಿಂದ ರೋಗಿ ಅದೇ ಬೆರಳಿನಿಂದ ಕತ್ತರಿ ಒತ್ತುತ್ತಲೇ ಇರುತ್ತಾರೆ. ರಕ್ತ ಸಂಚಾರದ ಹೊಂದಾಣಿಕೆ ಕೆಟ್ಟಿರುವುದರಿಂದ ಗಾಯ ಮಾಯುವುದೂ ನಿಧಾನ. ಇವೆಲ್ಲ ಕೂಡಿದಾಗ ಗುಳ್ಳೆ, ಹುಣ್ಣು, ಕಪ್ಪು ಹಕ್ಕಳೆ, ಉಗುರಿನ ವಿಕಾರ. ಅಪರೂಪಕ್ಕೆ ಬೆರಳ ತುದಿಯ ಮೂಳೆ ಸವೆಯುವುದೂ ಉಂಟು.

ಇದು ಹೊಸದಾಗಿ ಕಂಡುಕೊಂಡ ತೊಡಕೆಂದು ತಿಳಿಯಬೇಕಿಲ್ಲ. ಮೀಡಿಯನ್ ನರ ಮಣಿಕಟ್ಟಿನಲ್ಲಿ ಒತ್ತಿಕೊಳ್ಳುವುದರ ಬಗ್ಗೆ 1850ರ ದಶಕದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಬರೆದ ಆರಂಭದ ವಿವರಣೆಯೇ ಹುಣ್ಣಿನದು. ಮುರಿದ ಮುಂಗೈ ಮೂಳೆ ಅತಿಯಾಗಿ ಬೆಳೆದು ಕೂಡಿದ್ದ ಒಬ್ಬನಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹುಣ್ಣಾಗಿ ಯಾವ ಚಿಕಿತ್ಸೆಗೂ ಬಗ್ಗಲಿಲ್ಲ. ಒತ್ತಡ ಸಡಿಲವಾಗುವಂತೆ ಮಣಿಕಟ್ಟನ್ನು ಕಟ್ಟಿದಾಗ ಮಾಯಿತು, ಕಟ್ಟು ಬಿಚ್ಚಿ ಕೈ ಬಳಸಲು ಬಿಟ್ಟೊಡನೆ ಮರಳಿತು. ಕೈ ಜೋಮಿನ ರೋಗವೆಂದೇ ಇದು ಹೆಸರಾದ ಮೇಲೆ ಚರ್ಮದ ಮಾತು ಮರೆಯಿತು ಅಷ್ಟೆ.

ಬೇರೆ ಏನಿರಬಹುದಿತ್ತು

ಮೊದಲು ಹೊರಗಿಡಬೇಕಾದದ್ದು ಕುಷ್ಠರೋಗ. ಸ್ಪರ್ಶವಿಲ್ಲದ ಬೆರಳು, ನೋವಿಲ್ಲದ ಸುಟ್ಟಗಾಯ ಕಂಡಲ್ಲಿ ಈ ಪ್ರಶ್ನೆ ಕೇಳದೆ ಮುಂದೆ ಹೋಗಬಾರದು. ಮೈಯೆಲ್ಲ ನೋಡಿದಾಗ ಬಣ್ಣಗುಂದಿದ, ಸ್ಪರ್ಶವಿಲ್ಲದ ಮಚ್ಚೆಗಳಿರಲಿಲ್ಲ. ಮೊಣಕೈ ಹಿಂದಿನ ಅಲ್ನಾರ್ ನರ, ಮಂಡಿಯ ಹೊರಬದಿಯ ನರ ದಪ್ಪವಾಗಿರಲಿಲ್ಲ. ಕುಷ್ಠದಲ್ಲಿ ಕೈಯ ಮಟ್ಟಿಗೆ ಹೆಚ್ಚಾಗಿ ಮೊದಲು ಕೆಡುವುದು ಅಲ್ನಾರ್ ನರ, ಅಂದರೆ ಕಿರುಬೆರಳ ಕಡೆ. ಇಲ್ಲಿ ಅದಕ್ಕೆ ನೇರ ವಿರುದ್ಧ.

ಸ್ಕ್ಲೆರೋಡರ್ಮದಲ್ಲೂ ಬೆರಳ ತುದಿಗೆ ಹುಣ್ಣಾಗುತ್ತದೆ, ಆದರೆ ಎರಡೂ ಕೈ, ಎಲ್ಲ ಬೆರಳು, ಹಲವೊಮ್ಮೆ ಕಾಲ್ಬೆರಳೂ ಸಿಕ್ಕಿಕೊಳ್ಳುತ್ತವೆ, ಚರ್ಮ ಬಿಗಿಯಾಗುತ್ತದೆ. ಇವರ ಉಗುರಬುಡದ ಲೋಮನಾಳಗಳು ಡರ್ಮೋಸ್ಕೋಪಿನಲ್ಲಿ, ಅಂದರೆ ಚರ್ಮ ನೋಡುವ ಭೂತಗನ್ನಡಿಯಲ್ಲಿ, ಸಹಜವಾಗಿದ್ದವು. ಮಣಿಕಟ್ಟಿನ ಎರಡೂ ನಾಡಿ ಸರಿಯಿದ್ದವು. ಕುತ್ತಿಗೆಯ ಚಲನೆಯಿಂದ ತೊಂದರೆ ಹೆಚ್ಚಲಿಲ್ಲ, ತೋಳಿನ ಪ್ರತಿವರ್ತನೆಗಳು ಎರಡೂ ಕಡೆ ಸಮವಾಗಿದ್ದವು. ಹಕ್ಕಳೆಯಂಚಿನ ಚರ್ಮ ಕೆರೆದು ನೋಡಿದಾಗ ಶಿಲೀಂಧ್ರ ಸಿಗಲಿಲ್ಲ.

ಪರೀಕ್ಷೆಗಳು

ನರವಹನ ಪರೀಕ್ಷೆಗೆ ಮುನ್ನ ಕೈಯನ್ನು 32 ಡಿಗ್ರಿಗಿಂತ ಮೇಲಕ್ಕೆ ಬೆಚ್ಚಗೆ ಮಾಡಲಾಯಿತು. ಕೈ ತಣ್ಣಗಿದ್ದರೆ ಆರೋಗ್ಯವಂತ ನರವೂ ನಿಧಾನವೆಂದು ತೋರುತ್ತದೆ. ಬಲಗೈಯಲ್ಲಿ ತೋರುಬೆರಳಿಂದ ಸಂವೇದನೆಯ ಅಲೆಯೇ ಬರಲಿಲ್ಲ. ಹೆಬ್ಬೆರಳ ಸ್ನಾಯುವಿಗೆ ಸಂದೇಶ ತಲುಪಲು 7.1 ಮಿಲಿಸೆಕೆಂಡು ಹಿಡಿಯಿತು, ಸಾಮಾನ್ಯವಾಗಿ 4.4ರೊಳಗೆ ತಲುಪಬೇಕು. ಅಲ್ನಾರ್ ನರ ಸಹಜ. ಆ ಸ್ನಾಯುವಿಗೆ ಸೂಜಿ ಹಾಕಿ ನೋಡಿದಾಗ ನರ ಕಡಿದುಹೋದ ಸ್ನಾಯುವಿನ ತಾನೇತಾನಾದ ಮಿಡಿತ ಕಂಡಿತು, ಅಂದರೆ ತಂತುಗಳೇ ನಾಶವಾಗಿದ್ದವು. ಅಲ್ಟ್ರಾಸೌಂಡಿನಲ್ಲಿ ಸುರಂಗದ ಬಾಯಲ್ಲಿ ನರದ ಅಡ್ಡಕೊಯ್ತದ ವಿಸ್ತೀರ್ಣ 17 ಚದರ ಮಿ.ಮೀ.; 10ರ ಸುಮಾರು ದಾಟಿದರೆ ಊದಿದೆ ಎಂದು ಲೆಕ್ಕ. ಎಡಗೈಯಲ್ಲಿ ಎಲ್ಲವೂ ಸೌಮ್ಯ ಮಟ್ಟದ್ದು.

ಬೆರಳ ಎಕ್ಸ್‌ರೇಯಲ್ಲಿ ಮೂಳೆಗೆ ಸೋಂಕು ಇಳಿದಿರಲಿಲ್ಲ. ಸಕ್ಕರೆ ಕಾಯಿಲೆ ಇರಲಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಸೋತಾಗ ರಕ್ತದಲ್ಲಿ ಏರುವ ಹಾರ್ಮೋನು) ಮಾತ್ರ 18ಕ್ಕೆ ಏರಿತ್ತು. ಥೈರಾಯ್ಡ್ ಕೊರತೆ ಈ ರೋಗಕ್ಕೆ ಹಾದಿಮಾಡುವ ಕಾರಣಗಳಲ್ಲಿ ಒಂದು; ಸಕ್ಕರೆ ಕಾಯಿಲೆ, ಸಂಧಿವಾತ, ಗರ್ಭಾವಸ್ಥೆ, ಸ್ಥೂಲಕಾಯ, ಹಳೆಯ ಮಣಿಕಟ್ಟಿನ ಮುರಿತ ಉಳಿದವು. ಸೌಮ್ಯ ಹಂತದಲ್ಲಿ ಥೈರಾಯ್ಡ್ ಮಾತ್ರೆಯಿಂದಲೇ ಜೋಮು ಇಳಿಯುವುದುಂಟು. ಸ್ನಾಯು ಕರಗಿದ ಮೇಲೆ ಅದನ್ನೇ ನಂಬಿ ಕೂರುವಂತಿಲ್ಲ.

ಚಿಕಿತ್ಸೆ

ಮೊದಲ ಮೂರು ವಾರ ಹುಣ್ಣಿನ ಆರೈಕೆ. ತೆರೆದ, ಸೋಂಕಿರಬಹುದಾದ ಗಾಯವಿರುವ ಕೈಯಲ್ಲಿ ಆತುರದಿಂದ ಶಸ್ತ್ರಚಿಕಿತ್ಸೆ ಮಾಡುವುದು ಸರಿಯಲ್ಲ. ಸ್ಟೀರಾಯ್ಡ್ ಮುಲಾಮು ನಿಂತಿತು. ದಿನಕ್ಕೊಮ್ಮೆ ಸೌಮ್ಯ ಸೋಪುನೀರಿನಲ್ಲಿ ತೊಳೆದು, ಒರೆಸದೆ ಒತ್ತಿ ಒಣಗಿಸಿ, ಹುಣ್ಣಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅಂಟದ ಪಟ್ಟಿ. ಸೀಳಿಲ್ಲದ ಒಣಚರ್ಮಕ್ಕೆ 10 ಶೇಕಡಾ ಯೂರಿಯಾ ಮುಲಾಮು ರಾತ್ರಿ ಹೊತ್ತು. ಹುಣ್ಣಿನ ಮೇಲೂ ಸೀಳಿನೊಳಗೂ ಅದನ್ನು ಹಚ್ಚಬಾರದು. ಬಿಸಿನೀರಿನ ಶಾಖ ಕೂಡದು. ಮರಗಟ್ಟಿದೆ ಎಂದು ಬಿಸಿ ಶಾಖ ಕೊಟ್ಟುಕೊಂಡು ಬೆರಳು ಸುಟ್ಟುಕೊಳ್ಳುವವರು ಕಡಿಮೆಯಿಲ್ಲ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುವುದು, ಇಸ್ತ್ರಿಯನ್ನು ಬೇರೆಯವರಿಗೆ ಬಿಡುವುದು, ಕತ್ತರಿಯ ಹಿಡಿಗೆ ಮೆತ್ತನೆ ಬಟ್ಟೆ ಸುತ್ತುವುದು, ದಿನಕ್ಕೊಮ್ಮೆ ಬೆಳಕಿನಲ್ಲಿ ಬೆರಳುಗಳನ್ನು ಕಣ್ಣಿಂದ ನೋಡುವುದು. ನೋವು ಕೊಡಬೇಕಾದ ಎಚ್ಚರಿಕೆಯನ್ನು ಇಲ್ಲಿ ಕಣ್ಣೇ ಕೊಡಬೇಕು.

ರಾತ್ರಿಗೆ ಎರಡೂ ಕೈಗೆ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಬಾಗದಂತೆ ಹಿಡಿಯುವ ಆಸರೆ. ಇದರಲ್ಲಿ ಆಗುವ ತಪ್ಪುಗಳು ಮೂರು. ಸಿದ್ಧ ಸ್ಪ್ಲಿಂಟುಗಳ ಲೋಹದ ಪಟ್ಟಿ ಹಲವು ಬಾರಿ ಮಣಿಕಟ್ಟನ್ನು 20–30 ಡಿಗ್ರಿ ಹಿಂದಕ್ಕೆ ಬಾಗಿಸಿರುತ್ತದೆ. ಸುರಂಗದ ಒತ್ತಡ ಅತಿ ಕಡಿಮೆ ಇರುವುದು ಮಣಿಕಟ್ಟು ನೇರವಾಗಿದ್ದಾಗ. ಆದ್ದರಿಂದ ಪಟ್ಟಿಯನ್ನು ಹೊರತೆಗೆದು ಚಪ್ಪಟೆ ಮಾಡಿ ಮರಳಿ ಸೇರಿಸಬೇಕು. ಎರಡನೆಯದು, ಸ್ಪ್ಲಿಂಟ್ ಅಂಗೈಯ ಅಡ್ಡಗೆರೆ ದಾಟಿ ಬೆರಳಿನ ಬುಡ ಮುಚ್ಚುವುದು. ಬೆರಳು ಪೂರ್ತಿ ಮಡಚುವಂತಿರಬೇಕು. ಕೊನೆಯದು, ಸುರಂಗದ ಮೇಲೆಯೇ ಬರುವ ಪಟ್ಟಿಯನ್ನು ಬಿಗಿದು ಕಟ್ಟುವುದು.

ಸುರಂಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಉದಾಹರಣೆಗೆ ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿ.ಗ್ರಾಂ, ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ ವಾರಗಳಿಂದ ತಿಂಗಳುಗಳವರೆಗೆ ನೆಮ್ಮದಿ ಕೊಡುತ್ತದೆ. ಇಲ್ಲಿ ಬೇಡವೆಂದು ಬಿಟ್ಟದ್ದಕ್ಕೆ ಕಾರಣ, ತಂತು ನಾಶವಾಗಿ ಸ್ನಾಯು ಕರಗಿದ್ದು ಮತ್ತು ಅದೇ ಕೈಯಲ್ಲಿ ಹುಣ್ಣಿದ್ದದ್ದು. ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗುವುದು, ಕೊಬ್ಬು ಕರಗಿ ಗುಳಿ ಬೀಳುವುದು ಈ ಮದ್ದಿನ ಅಡ್ಡಪರಿಣಾಮ. ಚರ್ಮದ ಬದಲಾವಣೆ ಕಂಡವರನ್ನು ಹಿಂದೆ ಚುಚ್ಚಿಸಿಕೊಂಡಿದ್ದಿರಾ ಎಂದು ಕೇಳುವುದು ಇದಕ್ಕೇ. ಬಿ6 ವಿಟಮಿನ್ ಮಾತ್ರೆಯನ್ನು ಇವರು ತಿಂಗಳುಗಟ್ಟಲೆ ತಾವಾಗಿಯೇ ನುಂಗುತ್ತಿದ್ದರು, ಅದನ್ನು ನಿಲ್ಲಿಸಲಾಯಿತು. ಈ ರೋಗಕ್ಕೆ ಅದರಿಂದ ಲಾಭವೆಂಬುದು ಸಾಬೀತಾಗಿಲ್ಲ, ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತಿಂದರೆ ಬಿ6 ತಾನೇ ನರ ಕೆಡಿಸಿ ಕೈಕಾಲು ಮರಗಟ್ಟಿಸುತ್ತದೆ.

ನಾಲ್ಕನೆಯ ವಾರ ಬಲಗೈಗೆ ಶಸ್ತ್ರಚಿಕಿತ್ಸೆ. ಅಂಗೈಗೆ ಮಾತ್ರ ಅರಿವಳಿಕೆ. ಬೆರಳ ತುದಿಗಳ ರಕ್ತ ಸಂಚಾರವನ್ನು ನೆನೆದು ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸದ ಲಿಡೊಕೇನ್ ಎಂಬ ಅರಿವಳಿಕೆ ಮದ್ದನ್ನೇ ಆರಿಸಿ, ತೋಳಿಗೆ ರಕ್ತ ತಡೆಯುವ ಬಿಗಿಪಟ್ಟಿ (ಟೂರ್ನಿಕೆ) ಹಾಕಲಾಯಿತು. ಉಂಗುರ ಬೆರಳ ನೇರಕ್ಕೆ 3 ಸೆಂ.ಮೀ. ಸೀಳಿ ಅಡ್ಡಪಟ್ಟಿಯನ್ನು ಪೂರ್ತಿ ಕತ್ತರಿಸಲಾಯಿತು. ನರ ಒತ್ತಿದ ಕಡೆ ಸೊಂಟದಂತೆ ಸಣಕಲಾಗಿ ಬಿಳಿಚಿತ್ತು. ಈ ಶಸ್ತ್ರಚಿಕಿತ್ಸೆ ಫಲಿಸದಿರಲು ಮುಖ್ಯ ಕಾರಣ ಪಟ್ಟಿಯ ಬೆರಳ ಕಡೆಯ ತುದಿ ಕತ್ತರಿಸದೆ ಉಳಿಯುವುದು. ಹೆಬ್ಬೆರಳ ಸ್ನಾಯುವಿಗೆ ಹೋಗುವ ಕವಲು ಕೆಲವರಲ್ಲಿ ಪಟ್ಟಿಯನ್ನೇ ತೂರಿ ಹೋಗುವುದರಿಂದ ಅದನ್ನು ಕಣ್ಣಾರೆ ನೋಡಿಯೇ ಕತ್ತರಿ ಆಡಿಸಬೇಕು. ಅದೇ ದಿನದಿಂದ ಬೆರಳಾಡಿಸುವುದು, 12ನೆಯ ದಿನ ಹೊಲಿಗೆ ಬಿಚ್ಚುವುದು. ಜೊತೆಗೆ ಥೈರಾಕ್ಸಿನ್ ಮಾತ್ರೆ, 6–8 ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ ಪ್ರಮಾಣ ಹೊಂದಿಸುವುದು.

ಮುಂದಿನ ತಿಂಗಳುಗಳು

ಉಳಿದಿದ್ದ ರಾತ್ರಿಯ ಜೋಮು ಮೊದಲ ವಾರದಲ್ಲೇ ಹೋಯಿತು. ಮೂರು ವಾರದ ಆರೈಕೆಗೆ ಅರ್ಧಕ್ಕೆ ಬಂದು ನಿಂತಿದ್ದ ಹುಣ್ಣು ಶಸ್ತ್ರಚಿಕಿತ್ಸೆಯ ಐದನೆಯ ವಾರ ಮುಚ್ಚಿತು. ಸ್ಪರ್ಶ ಅಷ್ಟು ಬೇಗ ಬರುವುದಿಲ್ಲವೆಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ನಾಶವಾದ ತಂತು ಉಳಿದ ಜೀವಂತ ತುದಿಯಿಂದ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಮತ್ತೆ ಬೆಳೆಯುತ್ತದೆ, ಮಣಿಕಟ್ಟಿನಿಂದ ತೋರುಬೆರಳ ತುದಿಗೆ ಸುಮಾರು 18 ಸೆಂ.ಮೀ. ದೂರ. ಆರು ತಿಂಗಳಿಗೆ ಮುಂಚೆ ತೀರ್ಪು ಕೊಡಬಾರದು. ಮೂರನೆಯ ತಿಂಗಳಲ್ಲಿ ಬೆರಳುಗಳು ಮತ್ತೆ ಚುಚ್ಚತೊಡಗಿದಾಗ ರೋಗ ಮರಳಿತೆಂದು ಗಾಬರಿಯಾದರು. ಅದು ಬೆಳೆಯುತ್ತಿರುವ ನರದ ಚುಚ್ಚು: ಹಗಲಲ್ಲೂ ಬರುತ್ತದೆ, ಕೈ ಒದರಿದರೆ ಹೋಗುವುದಿಲ್ಲ, ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಬೆರಳ ತುದಿಯತ್ತ ಸರಿಯುತ್ತದೆ. ಅಂಗೈ ಬುಡದ ಎರಡೂ ಬದಿಯ ನೋವು ಮೂರು ತಿಂಗಳು ಕಾಡಿತು. ಅಂಗೈಯೂರಿ ಏಳುವುದನ್ನು ಅಷ್ಟು ದಿನ ಬಿಡಬೇಕಾಯಿತು.

ಏಳನೆಯ ತಿಂಗಳ ನೀರಿನ ಪರೀಕ್ಷೆಯಲ್ಲಿ ತೋರುಬೆರಳು ತುಸು, ನಡುಬೆರಳು ಚೆನ್ನಾಗಿಯೇ ಸುಕ್ಕಾದವು, ಪೆನ್ನು ತಡೆದು ನಿಂತಿತು. ವರ್ಷದ ಕೊನೆಗೆ ತೋರುಬೆರಳಿಗೆ 3.61ರ ಎಳೆ ತಿಳಿಯುತ್ತಿತ್ತು, ಉಗುರು ನುಣುಪಾಗಿ ಬೆಳೆದಿತ್ತು, ಹೊಸ ಗುಳ್ಳೆ ಏಳಲಿಲ್ಲ. ಹೆಬ್ಬೆರಳ ಉಬ್ಬು ಪೂರ್ತಿ ತುಂಬಲಿಲ್ಲ. ದಾರ ಪೋಣಿಸಲು ಈಗಲೂ ಪೋಣಿಸುವ ತಂತಿಯ ಕೊಕ್ಕೆ ಬೇಕು. ಎಡಗೈ ರಾತ್ರಿ ಸ್ಪ್ಲಿಂಟಿನಲ್ಲಿ, ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಸುಮ್ಮನಾಗಿದೆ; ಅದರ ಹೆಬ್ಬೆರಳ ಬಲ, ಬೆರಳ ತುದಿಯ ಬೆವರು ಎರಡನ್ನೂ ಆರು ತಿಂಗಳಿಗೊಮ್ಮೆ ನೋಡಬೇಕು. ಜೋಮು ಹಗಲಿಗೂ ಹರಡಿದರೆ, ಅಥವಾ ಬೆರಳು ಒಣಗತೊಡಗಿದರೆ, ಆ ಕೈಯ ನರವಹನ ಪರೀಕ್ಷೆಯನ್ನು ಗುಳ್ಳೆಗೆ ಕಾಯದೆ ಮತ್ತೆ ಮಾಡಿಸುವುದೆಂದು ದಾಖಲೆಯಲ್ಲಿ ಬರೆದಿಡಲಾಗಿದೆ.